ಬೈಕ್ ಲೆಕ್ಕ, ಭಾಗ 4: ಟೈರ್ ಹಾಕ್ಸೋದು ಮಳೆಗೆ, ಫೋಟೋಗಲ್ಲ

ಟೂರಿಂಗ್ ಬೈಕ್ ಟೈರ್ ಸವೆದಾಗ ನಾವೆಲ್ಲ ಮೊದಲು ಕೇಳೋ ಪ್ರಶ್ನೆ: "ಎಷ್ಟು ಕಿಲೋಮೀಟರ್ ಬರುತ್ತೆ?" ನೇರವಾಗಿ ಹೇಳ್ತೀನಿ, ನಮ್ಮಂಥ ಸ್ಟೂಡೆಂಟ್ಸ್ ಕೇಳಬೇಕಾದ್ದು ಅದಲ್ಲ. "ಮಳೇಲಿ ಹಿಡಿಯುತ್ತಾ?" ಅಂತ ಕೇಳಿ.

ಬಿಕಾಂ ಹುಡುಗ, ಲೆಕ್ಕದಿಂದಲೇ ಶುರು ಮಾಡ್ತೀನಿ. ಉದಾಹರಣೆಗೆ, ಗಟ್ಟಿ ರಬ್ಬರ್ ಟೈರ್ 4,500 ರೂಪಾಯಿ, 25,000 ಕಿ.ಮೀ. ಬರುತ್ತೆ ಅಂದ್ಕೊಳ್ಳಿ. ಮೆತ್ತನೆ ರಬ್ಬರಿಂದು 5,000 ರೂಪಾಯಿ, 15,000 ಕಿ.ಮೀ. ಒಂದಕ್ಕೆ ಕಿಲೋಮೀಟರ್‌ಗೆ 18 ಪೈಸೆ, ಇನ್ನೊಂದಕ್ಕೆ 33 ಪೈಸೆ. ಗಟ್ಟಿ ಟೈರೇ ಲಾಭ ಅನ್ಸುತ್ತೆ, ಅಲ್ವಾ?

ಈಗ ನೀವು ವರ್ಷಕ್ಕೆ ಎಷ್ಟು ಓಡಿಸ್ತೀರಿ ನೋಡಿ. ಕಾಲೇಜು, ಮನೆ, ಮೂರ್ನಾಲ್ಕು ಟ್ರಿಪ್. ಎಲ್ಲ ಸೇರಿ 5,000 ಕಿ.ಮೀ. ಅಂದ್ರೆ 25,000 ಮುಗಿಯೋಕೆ ಐದು ವರ್ಷ. ಅಷ್ಟರಲ್ಲಿ ಬಿಸಿಲಿಗೆ, ಗಾಳಿಗೆ ರಬ್ಬರ್ ಇನ್ನೂ ಗಟ್ಟಿಯಾಗಿರುತ್ತೆ. ಬಟನ್ ಇರುತ್ತೆ, ಹಿಡಿತ ಇರಲ್ಲ. ಉಪಯೋಗಕ್ಕೆ ಬಾರದ ಕಿಲೋಮೀಟರ್‌ಗೆ ಮುಂಗಡ ದುಡ್ಡು ಕೊಟ್ಟ ಹಾಗಾಯ್ತು.

ಬೆಂಗಳೂರಿಂದ ಚಿಕ್ಕಮಗಳೂರಿಗೆ ಹೋಗಿ ಬರೋಕೆ ಸುಮಾರು 500 ಕಿ.ಮೀ. ಈ ಲೆಕ್ಕದಲ್ಲಿ ಎರಡೂ ಟೈರ್‌ಗೆ ಇರೋ ವ್ಯತ್ಯಾಸ ಬರೀ 75 ರೂಪಾಯಿ. ಜುಲೈ ತಿಂಗಳ ಚಾರ್ಮಾಡಿ ತಿರುವಿನಲ್ಲಿ, ಹಿಂದೆ ಫ್ರೆಂಡ್ ಕೂತಿರುವಾಗ, ಆ 75 ರೂಪಾಯಿ ಉಳಿಸ್ಬೇಕಾ?

ಎರಡನೇ ರೋಗ, ರೀಲ್ಸ್ ನೋಡಿ ದಪ್ಪ ಬಟನ್‌ನ ಆಫ್‌ರೋಡ್ ಟೈರ್ ಹಾಕ್ಸೋದು. ಲುಕ್ ಸೂಪರ್, ಒಪ್ತೀನಿ. ಆದರೆ ಬಟನ್ ಮಧ್ಯೆ ಗ್ಯಾಪ್ ಜಾಸ್ತಿ ಇದ್ದಷ್ಟೂ ಡಾಂಬರಿಗೆ ತಾಗೋ ರಬ್ಬರ್ ಕಡಿಮೆ. ಕೆಸರಿಗೆ ಅದು ವರ, ಒದ್ದೆ ಡಾಂಬರಿಗೆ ಅಲ್ಲ. ನೀವು ಓಡಿಸೋದು ಹೆಚ್ಚಾಗಿ ಡಾಂಬರಲ್ಲೇ ಆದ್ರೆ ಅದಕ್ಕೆ ತಕ್ಕ ಟೈರ್ ಹಾಕ್ಸಿ. ಮಧ್ಯೆ ಗಟ್ಟಿ, ಅಂಚಿಗೆ ಮೆತ್ತನೆ ರಬ್ಬರ್ ಇರೋ ಡ್ಯುಯಲ್ ಕಾಂಪೌಂಡ್ ಟೈರ್ ನಿಮ್ಮ ಸೈಜಲ್ಲಿ ಸಿಕ್ರೆ ಇನ್ನೂ ಒಳ್ಳೇದು: ನೇರ ರೋಡಲ್ಲಿ ಬೇಗ ಸವೆಯಲ್ಲ, ತಿರುವಿನಲ್ಲಿ ಹಿಡಿಯುತ್ತೆ.

ಅಂಗಡೀಲಿ ಟೈರ್ ಮೈಮೇಲೆ ಮೂರು ವಿಷಯ ಓದಿ:

1. ತಾರೀಕು. ಕೊನೆಯ ನಾಲ್ಕಂಕಿ 2325 ಇದ್ರೆ 2025ರ 23ನೇ ವಾರ ತಯಾರಾಗಿದ್ದು. "ಆಫರ್" ಅಂದ್ರೆ ಇದನ್ನೇ ಮೊದಲು ನೋಡಿ. ಎರಡು ವರ್ಷ ಹಳೇದಾದ್ರೆ ಬೇರೆ ತೋರಿಸಿ ಅನ್ನಿ.
2. ಸೈಜ್. ಹಿಮಾಲಯನ್ 411ಗೆ ಮುಂದೆ 90/90-21, ಹಿಂದೆ 120/90-17. ಅಗಲದ ಟೈರನ್ನ ಅದೇ ರಿಮ್‌ಗೆ ತುರುಕಿದ್ರೆ ಆಕಾರ ಕೆಡುತ್ತೆ, ಬೈಕ್ ತಿರುಗಿಸೋದು ಕಷ್ಟ ಆಗುತ್ತೆ.
3. ಲೋಡ್ ಇಂಡೆಕ್ಸ್. 64 ಅಂದ್ರೆ ಆ ಟೈರ್ 280 ಕೆ.ಜಿ. ಹೊರುತ್ತೆ. ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಬೇಡ. ಪಿಲಿಯನ್, ಬ್ಯಾಗು ಎಲ್ಲಾ ಇದರ ಮೇಲೇ ಕೂರೋದು.

ಹಾಕಿಸಿದ ಮೇಲೆ ಮೊದಲ 150 ಕಿ.ಮೀ. ನಿಧಾನ. ಹೊಸ ಟೈರ್ ಜಾರುತ್ತೆ.

ವರ್ಷಕ್ಕೆ 20,000 ಕಿ.ಮೀ. ಓಡಿಸೋರಿಗೆ ಗಟ್ಟಿ ಟೈರೇ ಸರಿ. ಸ್ಪಿತಿಗೆ ಹೊರಟೋರು ದಪ್ಪ ಬಟನ್ ಹಾಕ್ಸಿ, ಅಡ್ಡಿಯಿಲ್ಲ. ಉಳಿದೋರು ಎಕ್ಸ್‌ಟ್ರಾ ಲೈಟಿಗೆ, ಸೈಲೆನ್ಸರ್‌ಗೆ ಎತ್ತಿಟ್ಟ ದುಡ್ಡನ್ನ ಮೊದಲು ಟೈರ್‌ಗೆ ಹಾಕಿ.

ನಿಮ್ಮದು ವರ್ಷಕ್ಕೆ ಎಷ್ಟು ಕಿಲೋಮೀಟರ್? ಕಾಮೆಂಟ್ ಮಾಡಿ, ಲೆಕ್ಕ ಹಾಕೋಣ. ಭಾಗ 5ರಲ್ಲಿ ಚೈನ್ ಸ್ಪ್ರಾಕೆಟ್.

#ಬೈಕ್‌ಲೆಕ್ಕ #ಕನ್ನಡರೈಡರ್ಸ್