ರೋಗಿಯ ಕ್ಷೇಮವೂ ದಾದಿಯ ಕ್ಷೇಮವೂ

ಗಾಬರಿಯು ರೋಗಕ್ಕಿಂತ ವೇಗವಾಗಿ ಹರಡುವುದೆಂಬುದು ಹಾಸನದ ಸೀಮೆಯವರಿಗೆ ಅನುಭವಸಿದ್ಧವಾದ ಮಾತು. 2025ನೆಯ ಇಸವಿಯ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಈ ಜಿಲ್ಲೆಯಲ್ಲಿ ಹಲವರು, ಅವರಲ್ಲಿಯೂ ಪ್ರಾಯದವರು, ಹಠಾತ್ತಾಗಿ ಮೃತಪಟ್ಟ ವಾರ್ತೆಯು ಹಬ್ಬಿದಾಗ, ಅರಸೀಕೆರೆಯ ರೈಲು ನಿಲ್ದಾಣದಲ್ಲಿಯೂ ಬೇಲೂರು ಹಳೇಬೀಡುಗಳ ಅಂಗಡಿಬೀದಿಗಳಲ್ಲಿಯೂ ಜನರ ಬಾಯಲ್ಲಿ ಅದೊಂದೇ ಮಾತಾಯಿತು. ಮೈಸೂರು ಬೆಂಗಳೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ, ಯಾವ ಬೇನೆಯೂ ಇಲ್ಲದವರು ಸಹ ಸಾಲುಗಟ್ಟಿ ನಿಂತರು. ಒಬ್ಬರು ಲಸಿಕೆಯನ್ನು ದೂರಿದರು. ಮತ್ತೊಬ್ಬರು ಆಹಾರವನ್ನು ದೂರಿದರು. ವಿಧಿಯನ್ನು ದೂರಿದವರೂ ಉಂಟು. ಇಂತಹ ಸಮಯದಲ್ಲಿ ಸತ್ಯವನ್ನು ತಿಳಿಯುವ ಬಗೆ ಯಾವುದು, ಅದಕ್ಕೆ ನೆರವಾಗುವವರು ಯಾರು, ಅವರನ್ನು ನಾವು ಹೇಗೆ ನಡೆಸಿಕೊಳ್ಳುತ್ತಿದ್ದೇವೆ ಎಂಬ ಮೂರು ಪ್ರಶ್ನೆಗಳನ್ನು ಈ ಸಂಚಿಕೆಯ ವಾಚಕರಾದ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿರುತ್ತದೆ.

ಜನರ ಕಳವಳವನ್ನು ಕಂಡು ರಾಜ್ಯ ಸರ್ಕಾರದವರು ಜಯದೇವ ಸಂಸ್ಥೆಯ ಅಂದಿನ ನಿರ್ದೇಶಕರಾಗಿದ್ದ ಡಾಕ್ಟರ್ ಕೆ. ಎಸ್. ರವೀಂದ್ರನಾಥರ ನೇತೃತ್ವದಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿದರು. ಅದರ ವರದಿಯು ಅದೇ ಜುಲೈ ತಿಂಗಳಲ್ಲಿ ಹೊರಬಂದಿತು. ವಿಚಾರಿಸಲಾದ 24 ಮರಣಗಳಲ್ಲಿ 4 ಹೃದಯಕ್ಕೆ ಸಂಬಂಧಪಟ್ಟವುಗಳೇ ಅಲ್ಲ. ಉಳಿದ 20ರಲ್ಲಿ 10 ಮರಣಗಳು ಹೃದ್ರೋಗದಿಂದಲೇ ಆದುವೆಂದು ನಿಶ್ಚಯಿಸಲು ಆಧಾರವಿದ್ದಿತು. ಮಿಕ್ಕ 10ರ ವಿಷಯದಲ್ಲಿ ಹಾಗಿರಬಹುದೆಂದಷ್ಟೇ ಹೇಳಲು ಸಾಧ್ಯವಾಯಿತು. ಹಿಂದಿನ ಕಾಲಕ್ಕೆ ಹೋಲಿಸಿದರೆ ಅಸಹಜವಾದ ಏರಿಕೆಯೇನೂ ಕಾಣಬರಲಿಲ್ಲವೆಂದು ಸಮಿತಿಯವರು ತಿಳಿಸಿದರು. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಮರಣಗಳನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂದೂ ಮರಣೋತ್ತರ ಪರೀಕ್ಷೆಯಾಗಬೇಕೆಂದೂ ಆ ಬಳಿಕ ಆರೋಗ್ಯ ಮಂತ್ರಿಗಳು ಪ್ರಕಟಿಸಿದರು.

ಈ ಲೆಕ್ಕದಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆಯಬೇಕಾದುದು ಆ ಕೊನೆಯ 10. ಶಾಸ್ತ್ರವು ಎಷ್ಟೇ ಮುಂದುವರಿದಿದ್ದರೂ, ಬರೆದಿಡದೆ ಹೋದ ಸಂಗತಿಯನ್ನು ಅದು ಓದಲಾರದು. ಮರಣಕ್ಕೆ ಮುಂಚೆ ಇ.ಸಿ.ಜಿ. ತೆಗೆದಿಲ್ಲವಾದರೆ, ರಕ್ತವನ್ನು ಪರೀಕ್ಷಿಸಿಲ್ಲವಾದರೆ, ತರುವಾಯ ಶರೀರವನ್ನೂ ಪರೀಕ್ಷಿಸಿಲ್ಲವಾದರೆ, ಬಂಧುಗಳ ಮಾತಿನ ಹೊರತು ಬೇರೆ ಸಾಕ್ಷಿ ಎಲ್ಲಿಂದ ಬರಬೇಕು? ಸಂಶೋಧನೆಯು ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ಮುಗಿಯುವುದಾದರೂ ಅದು ಆರಂಭವಾಗುವುದು ತಾಲ್ಲೂಕು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ. ಅಲ್ಲಿ ನಾಡಿಯನ್ನು ಎಣಿಸಿ, ವೇಳೆಯನ್ನು ನೋಡಿ, ಕಾಗದದ ಮೇಲೆ ಬರೆಯುವ ಕೈಯು ದಾದಿಯದು. ಹಳಬರು ದಾದಿಯೆಂದೂ ಈಗಿನವರು ಸಿಸ್ಟರೆಂದೂ ಕರೆಯುವ, ಸರ್ಕಾರದ ಕಾಗದಗಳಲ್ಲಿ ಶುಶ್ರೂಷಾಧಿಕಾರಿಯೆನಿಸಿಕೊಂಡಿರುವ ಈಕೆಯನ್ನು ಸಂಶೋಧಕರ ಪಂಕ್ತಿಯಲ್ಲಿ ಯಾರೂ ಕೂರಿಸುವುದಿಲ್ಲ. ಆದರೆ ಈ ವೃತ್ತಿಗೆ ಮಾನ ತಂದುಕೊಟ್ಟ ಫ್ಲಾರೆನ್ಸ್ ನೈಟಿಂಗೇಲ್ ಮಹಾಶಯಳು ದೀಪವನ್ನು ಹಿಡಿದಷ್ಟೇ ಶ್ರದ್ಧೆಯಿಂದ ಲೇಖನಿಯನ್ನೂ ಹಿಡಿದವಳು. ಕ್ರಿಮಿಯಾ ಯುದ್ಧದಲ್ಲಿ ಸಿಪಾಯಿಗಳು ಗಾಯಗಳಿಗಿಂತ ಹೆಚ್ಚಾಗಿ ತಡೆಯಬಹುದಾದ ರೋಗಗಳಿಂದ ಸತ್ತರೆಂಬುದನ್ನು ಆಕೆಯು 1858ರಲ್ಲಿ ಅಂಕಿಗಳಿಂದಲೂ ಚಿತ್ರಗಳಿಂದಲೂ ತೋರಿಸಿಕೊಟ್ಟಳು.

ಈಗ ನಮ್ಮ ಊರುಗಳಿಗೆ ಒದಗಿರುವ ಏರ್ಪಾಡನ್ನು ನೋಡೋಣ. ನಟ ಪುನೀತ್ ರಾಜ್‌ಕುಮಾರರು 2021ರ ಅಕ್ಟೋಬರ್ 29ರಂದು ತಮ್ಮ 46ನೆಯ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡುದು ನಾಡಿಗೆಲ್ಲ ದುಃಖವನ್ನುಂಟುಮಾಡಿತು. ಅವರ ಹೆಸರಿನ ಹೃದಯಜ್ಯೋತಿ ಯೋಜನೆಯ ಪ್ರಕಾರ, ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರ ಇ.ಸಿ.ಜಿ.ಯು ಅಂತರ್ಜಾಲದ ಮೂಲಕ ದೂರದ ತಜ್ಞರಿಗೆ ತಲುಪುತ್ತದೆ. ಗಣಕಯಂತ್ರದ ಸಹಾಯದಿಂದ ಅವರು ಅದನ್ನು ಓದಿ ಕೆಲವೇ ನಿಮಿಷಗಳಲ್ಲಿ ಅಭಿಪ್ರಾಯವನ್ನು ತಿಳಿಸುತ್ತಾರೆ. ಹೃದಯದ ರಕ್ತನಾಳವು ಕಟ್ಟಿಕೊಂಡಿದೆಯೆಂದು ತೋರಿದರೆ, ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಬೆಲೆಯುಳ್ಳ ಚುಚ್ಚುಮದ್ದನ್ನು ಅಲ್ಲಿಯೇ ಧರ್ಮಾರ್ಥವಾಗಿ ಕೊಡಲಾಗುತ್ತದೆ. ಹಳೇಬೀಡಿನಿಂದ ಬೇಲೂರಿಗೆ ಸುಮಾರು 16 ಕಿಲೋಮೀಟರು. ಅಲ್ಲಿಂದ ಹಾಸನಕ್ಕೆ ಅದರ ಎರಡರಷ್ಟಕ್ಕೂ ಹೆಚ್ಚು. ಹೃದಯದ ಸ್ನಾಯುವು ನಿಮಿಷ ನಿಮಿಷಕ್ಕೂ ಸಾಯುತ್ತಿರುವಾಗ ಈ ಹಾದಿಯನ್ನು ಉಳಿಸುವುದೆಂದರೆ ಪ್ರಾಣವನ್ನೇ ಉಳಿಸಿದಂತೆ.

ಹೃದಯದ ಬರಹವನ್ನು ತಂತಿಯ ಮೂಲಕ ಕಳುಹಿಸುವ ಯೋಚನೆಯು ಹೊಸದೇನೂ ಅಲ್ಲ. ಇ.ಸಿ.ಜಿ. ಯಂತ್ರವನ್ನು ಬಳಕೆಗೆ ತಂದ ಹಾಲೆಂಡಿನ ಐಂಥೋವನ್ ಪಂಡಿತರು 1905ರಲ್ಲಿಯೇ, ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಮಿಡಿತವನ್ನು ಟೆಲಿಫೋನ್ ತಂತಿಯ ಮೇಲೆ ಸುಮಾರು ಒಂದೂವರೆ ಕಿಲೋಮೀಟರು ದೂರದ ತಮ್ಮ ಪ್ರಯೋಗಶಾಲೆಗೆ ತರಿಸಿಕೊಂಡಿದ್ದರು. ಅವರಿಗೆ 1924ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಅಂದು ತಂತಿಯ ಆಚೆಯ ತುದಿಯಲ್ಲಿ ರೋಗಿಯನ್ನು ಸಿದ್ಧಗೊಳಿಸಲು ಒಬ್ಬರು ಬೇಕಾಗಿದ್ದಂತೆ ಇಂದಿಗೂ ಬೇಕು. ಎದೆಯ ಮೇಲಿನ ತಂತಿಗಳು ಒಂದರ ಸ್ಥಾನದಲ್ಲಿ ಒಂದು ಕುಳಿತರೆ ಬರಹವೇ ತಪ್ಪಾಗುತ್ತದೆ. ಪ್ರಯೋಗಶಾಲೆಯ ಪರೀಕ್ಷೆಯ ವಿಷಯವೂ ಹೀಗೆಯೇ. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದರೆ ಟ್ರೋಪೋನಿನ್ ಎಂಬ ವಸ್ತುವು ರಕ್ತದಲ್ಲಿ ಸೇರುತ್ತದೆ. ಆದರೆ ಅದು ಕಾಣಿಸಿಕೊಳ್ಳಲು ಕೆಲವು ಗಂಟೆಗಳು ಬೇಕಾಗುವುದರಿಂದ ಮೊದಲನೆಯ ಪರೀಕ್ಷೆಯು ಸರಿಯಾಗಿದ್ದರೂ ಮತ್ತೊಮ್ಮೆ ರಕ್ತವನ್ನು ತೆಗೆಯಬೇಕಾಗಬಹುದು. ಆ ಎರಡನೆಯ ವೇಳೆಯನ್ನು ನೆನಪಿನಲ್ಲಿಟ್ಟುಕೊಳ್ಳುವವರು ಯಾರು? ಹೆಪ್ಪನ್ನು ಕರಗಿಸುವ ಮದ್ದು ಬೇರೆಲ್ಲಿಯಾದರೂ ರಕ್ತಸ್ರಾವವನ್ನುಂಟುಮಾಡಬಹುದಾದ್ದರಿಂದ, ಮದ್ದು ಕೊಟ್ಟ ಮೇಲೆ ರಾತ್ರಿಯೆಲ್ಲ ಎಚ್ಚರವಾಗಿ ನೋಡುವವರು ಯಾರು? ಪರೀಕ್ಷೆಗೂ ಯಂತ್ರಕ್ಕೂ ನಡುವೆ ನಿಂತು ಅವೆರಡನ್ನೂ ಸಾರ್ಥಕಪಡಿಸುವವಳು ದಾದಿಯೇ.

ಹೀಗಿರುವಲ್ಲಿ ಆಕೆಯ ಆಯಾಸವು ಆಕೆಯೊಬ್ಬಳ ಮನೆಯ ಕಷ್ಟವೆಂದು ತಿಳಿಯುವುದು ಅವಿವೇಕ. ಈ ವಿಷಯದಲ್ಲಿ ಶಾಸ್ತ್ರಜ್ಞರು ಅಳೆದು ನೋಡಿದ ಸಂಗತಿಗಳಿವೆ. ಅಮೆರಿಕಾ ದೇಶದ ಪೆನ್ಸಿಲ್ವೇನಿಯಾ ಸಂಸ್ಥಾನದ ಆಸ್ಪತ್ರೆಗಳಲ್ಲಿ ಲಿಂಡಾ ಐಕೆನ್ ಎಂಬಾಕೆಯೂ ಸಂಗಡಿಗರೂ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ದಾದಿಯ ಪಾಲಿಗೆ ಇನ್ನೊಬ್ಬ ರೋಗಿಯು ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯಾದವರು 30 ದಿವಸಗಳೊಳಗೆ ಮರಣಹೊಂದುವ ಸಂಭವವು ಶೇಕಡಾ 7ರಷ್ಟು ಏರಿತೆಂದು ಕಂಡುಬಂದಿತು. ಯೂರೋಪಿನ ಒಂಬತ್ತು ದೇಶಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೂ ಅದನ್ನೇ ಹೇಳಿತು. ಇನ್ನೊಂದನ್ನು ಕೇಳಿರಿ. 1976ರಲ್ಲಿ ಅಮೆರಿಕಾದಲ್ಲಿ 1,21,700 ಮಂದಿ ದಾದಿಯರ ಆರೋಗ್ಯವನ್ನು ಎರಡು ವರ್ಷಗಳಿಗೊಮ್ಮೆ ವಿಚಾರಿಸುತ್ತ ಹೋಗುವ ದೊಡ್ಡ ಅಧ್ಯಯನವೊಂದು ಆರಂಭವಾಯಿತು. ಅದರಿಂದಲೂ ಅದರ ಮುಂದಿನ ತಂಡದಿಂದಲೂ 2016ರಲ್ಲಿ ತಿಳಿದುಬಂದುದೇನೆಂದರೆ, ಸರದಿಯ ಮೇಲೆ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ರಾತ್ರಿಯ ಕೆಲಸ ಮಾಡಿದವರಲ್ಲಿ ಹೃದಯದ ರಕ್ತನಾಳಗಳ ರೋಗವು, ಎಂದೂ ಹಾಗೆ ಮಾಡದವರಿಗಿಂತ ಶೇಕಡಾ 15ರಿಂದ 18ರಷ್ಟು ಹೆಚ್ಚಾಗಿತ್ತು. ನಮ್ಮ ಹೃದಯವನ್ನು ಕಾಯಲು ನಿದ್ದೆಗೆಟ್ಟವಳ ಹೃದಯವೇ ಸವೆಯುವುದಾದರೆ, ಅದನ್ನು ಕಂಡೂ ಕಾಣದಂತಿರುವುದು ಧರ್ಮವೇ?

ದಾದಿಯರ ಕೆಲಸವು ಸೇವೆ, ಸೇವೆಗೆ ಹೊರಟವರು ಗಂಟೆಯನ್ನೂ ಸಂಬಳವನ್ನೂ ಎಣಿಸಬಾರದು ಎಂದು ಹೇಳುವ ಸಜ್ಜನರು ನಮ್ಮಲ್ಲಿದ್ದಾರೆ. ಮಿಷನ್ ಶಾಲೆಗಳಲ್ಲಿ ಓದಿದ ನಮಗೆ ಸೇವೆಯೆಂಬ ಮಾತು ಪ್ರಿಯವಾದುದೇ. 1906ರಿಂದ ಮೈಸೂರಿನಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ನಮ್ಮ ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ಮುಂತಾದುವು ಆ ಮಾತಿನ ಬಲದಿಂದಲೇ ಹೆಣ್ಣುಮಕ್ಕಳಿಗೆ ಈ ವೃತ್ತಿಯ ಬಾಗಿಲನ್ನು ತೆರೆದುವು. ಆದರೆ ಸೇವೆಯನ್ನು ಕೊಡುವವಳು ಎಣಿಸದಿರುವುದು ಒಂದು, ಪಡೆಯುವವರು ಎಣಿಸದಿರುವುದು ಮತ್ತೊಂದು. ಮೊದಲನೆಯದು ಔದಾರ್ಯ, ಎರಡನೆಯದು ಕೃತಘ್ನತೆ.

ಯಂತ್ರಗಳ ವಿಷಯದಲ್ಲಿಯೂ ಒಂದು ಮಾತಿದೆ. ಗಣಕಯಂತ್ರವು ಆಸ್ಪತ್ರೆಗೆ ಬಂದರೆ ಬರೆಯುವ ಕೆಲಸವು ಕಡಮೆಯಾಗುವುದೆಂದು ಎಲ್ಲರೂ ನಿರೀಕ್ಷಿಸುತ್ತಾರೆ. ಒಂದೇ ಸಂಗತಿಯನ್ನು ಪುಸ್ತಕದಲ್ಲಿ ಒಮ್ಮೆ, ಯಂತ್ರದಲ್ಲಿ ಒಮ್ಮೆ ಬರೆಯಬೇಕಾದರೆ ಕೆಲಸವು ಇಮ್ಮಡಿಯಾಗುತ್ತದೆಯಲ್ಲದೆ ಕಡಮೆಯಾಗುವುದಿಲ್ಲ. ಆ ವೇಳೆಯು ರೋಗಿಯ ಪಾಲಿನಿಂದಲೇ ಹೋಗುತ್ತದೆ. ಅಡಿಗೆಯವಳನ್ನು ಕೇಳದೆ ಅಡಿಗೆಮನೆಯನ್ನು ಕಟ್ಟಿಸಿದರೆ ಒಲೆಯು ಒಂದು ಕಡೆ, ನೀರು ಮತ್ತೊಂದು ಕಡೆಯಾಗುವುದು ಗೃಹಿಣಿಯರಿಗೆಲ್ಲ ತಿಳಿದ ವಿಷಯ. ಆದಕಾರಣ ಇಂತಹ ಯಂತ್ರಗಳ ರೂಪವನ್ನು ಗೊತ್ತುಮಾಡುವಾಗ ಇಂಜಿನಿಯರು, ಡಾಕ್ಟರುಗಳ ಜೊತೆಯಲ್ಲಿ ರಾತ್ರಿಯ ಸರದಿಯ ದಾದಿಯೂ ಕುಳಿತಿರಬೇಕು. ಹೃದಯದ ಕಾಯಿಲೆಗಳನ್ನು ಕುರಿತು ಸರ್ಕಾರವು ನೇಮಿಸುವ ವಿಚಾರಣಾ ಸಮಿತಿಗಳಲ್ಲಿಯೂ ಆಕೆಗೆ ಒಂದು ಪೀಠವಿರಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಪ್ರಿಯ ಸೋದರಿಯರೇ, ಇದು ಸರ್ಕಾರವೊಂದೇ ಮಾಡತಕ್ಕ ಕಾರ್ಯವಲ್ಲ. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ. ಊರಿನವರು ಅಲ್ಲಿಗೆ ತಮ್ಮ ಮಾತನ್ನು ಮುಟ್ಟಿಸಬಹುದು. ಹೊಸ ಯಂತ್ರವು ಬಂದಿದೆಯೇ ಎಂದು ಕೇಳುವ ನಾವು, ರಾತ್ರಿ ಎಷ್ಟು ಮಂದಿ ರೋಗಿಗಳಿಗೆ ಒಬ್ಬ ದಾದಿ, ಆಕೆಗೆ ಬೀಗವಿರುವ ವಿಶ್ರಾಂತಿಯ ಕೊಠಡಿಯುಂಟೇ, ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಸೇರಲು ಭದ್ರವಾದ ವಾಹನವುಂಟೇ ಎಂಬುದನ್ನೂ ಕೇಳೋಣ. ಮಗಳು ದಾದಿಯಾಗುವೆನೆಂದರೆ ಮುಖವನ್ನು ಸಣ್ಣದು ಮಾಡುವ ತಾಯಿತಂದೆಗಳು, ತಮಗೆ ಎದೆನೋವು ಬಂದ ರಾತ್ರಿ ಯಾರ ಮಗಳು ಎಚ್ಚರವಾಗಿರಬೇಕೆಂದು ಅಪೇಕ್ಷಿಸುವರೋ ವಿಚಾರಮಾಡಲಿ. ಮನೆಯಲ್ಲಿ ಹಠಾತ್ ಮರಣವು ಸಂಭವಿಸಿದಾಗ, ದುಃಖದ ನಡುವೆಯೂ ಕಾರಣವನ್ನು ತಿಳಿಯಲು ಅಡ್ಡಿಮಾಡದಿರುವುದು ನೆರೆಹೊರೆಯ ಮಕ್ಕಳಿಗೆ ನಾವು ಮಾಡುವ ಉಪಕಾರವೆಂದು ತಿಳಿಯೋಣ.

ಬೇಲೂರಿನ ದೇವಾಲಯವನ್ನು ಕಟ್ಟಿದವರು ಶಿಲ್ಪಿಗಳನ್ನು ಮರೆಸಲಿಲ್ಲ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರುಗಳು ಅವರು ಕಡೆದ ವಿಗ್ರಹಗಳ ಅಡಿಯಲ್ಲಿ ಇಂದಿಗೂ ಕಾಣುತ್ತವೆ. ಕಲ್ಲಿಗೆ ರೂಪವನ್ನಿತ್ತವರಿಗೆ ಆ ಕಾಲದವರು ಸಲ್ಲಿಸಿದ ಮರ್ಯಾದೆಯನ್ನು, ಪ್ರಾಣವನ್ನು ಉಳಿಸಿಕೊಡುವವರಿಗೆ ಈ ಕಾಲದವರಾದ ನಾವು ಸಲ್ಲಿಸದೆ ಹೋದರೆ ನಮ್ಮ ವಿದ್ಯೆಗೆ ಏನು ಬೆಲೆ? ಈ ಶಾಲೆಯ ಹೆಣ್ಣುಮಕ್ಕಳಲ್ಲಿ ದಾದಿಯರಾದವರಿಗೆ ಗೌರವವೂ ವಿಶ್ರಾಂತಿಯೂ ಲಭಿಸಲಿ. ಆಗದವರು ಅವರ ಪರವಾಗಿ ಮಾತನಾಡುವ ಧೈರ್ಯವನ್ನು ತಂದುಕೊಳ್ಳಲಿ.