ಜೋಡಿ ತರುವ ಮೊದಲು ಲೆಕ್ಕ ಹಾಕೋಣ

ಆಕ್ಸೊಲಾಟಲ್ ಎಂಬ ಜೀವಿಯನ್ನು ನಮ್ಮಲ್ಲಿ ಅನೇಕರು ರೀಲ್ಸ್‌ನಲ್ಲಿ ನೋಡಿದ್ದೇವೆ. 2021ರಲ್ಲಿ ಅದು ಮೈನ್‌ಕ್ರಾಫ್ಟ್ ಆಟದೊಳಗೆ ಬಂತು, ಅದೇ ವರ್ಷ ಮೆಕ್ಸಿಕೊ ದೇಶದ 50 ಪೆಸೊ ನೋಟಿನ ಮೇಲೂ ಬಂತು. ಸದಾ ನಗುತ್ತಿರುವಂತೆ ಕಾಣುವ ಇದು ಮೀನಲ್ಲ, ಕಪ್ಪೆಯಂತೆ ಉಭಯಚರ. ನಮ್ಮ ದೇಶದಲ್ಲೂ ಇದನ್ನು ಸಾಕುವವರಿದ್ದಾರೆ. "ಒಂದು ಜೋಡಿ ತರೋಣ" ಎಂಬ ಮಾತು ನಮ್ಮ ತರಗತಿಯಲ್ಲೂ ಕೇಳಿಬರುತ್ತಿದೆ. ಆ 'ಜೋಡಿ' ಎಂಬ ಪದದ ಬಗ್ಗೆಯೇ ನನ್ನ ತಕರಾರು.

ಹೆಣ್ಣು ಆಕ್ಸೊಲಾಟಲ್ ಒಂದು ಸಲಕ್ಕೆ 100ರಿಂದ 1,000 ಮೊಟ್ಟೆ ಇಡುತ್ತದೆ. ಎರಡು ಮೂರು ವಾರಗಳಲ್ಲಿ ಮರಿಗಳು ಹೊರಬರುತ್ತವೆ. ಅವುಗಳಿಗೆ ಮೊದಲ ದಿನಗಳಲ್ಲಿ ಜೀವಂತ ಆಹಾರವೇ ಬೇಕು. ಜಾಗ ಇಕ್ಕಟ್ಟಾದರೆ ಒಂದರ ಕಾಲನ್ನು ಇನ್ನೊಂದು ಕಚ್ಚಿ ತಿನ್ನುತ್ತದೆ. ನೀರು 20 ಡಿಗ್ರಿಗಿಂತ ತಣ್ಣಗಿರಬೇಕು. ನಂಜನಗೂಡಿನ ಏಪ್ರಿಲ್ ಬಿಸಿಲಿನಲ್ಲಿ ಒಂದು ತೊಟ್ಟಿಯನ್ನು ತಂಪಾಗಿಡುವುದೇ ಕಷ್ಟ, ಐನೂರು ಮರಿಗಳಿಗೆ ಏನು ಮಾಡುವುದು? ವಾಣಿಜ್ಯ ವಿದ್ಯಾರ್ಥಿಯಾಗಿ ಹೇಳುವುದಾದರೆ, ಅಂಗಡಿಯಲ್ಲಿ ಕೊಟ್ಟ ಹಣ ಖರ್ಚಿನ ಮೊದಲ ಸಾಲು ಮಾತ್ರ. ಕಾನೂನೂ ಇದೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಇಂತಹ ವಿದೇಶಿ ಜೀವಿಯನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು, ಮರಿ ಹುಟ್ಟಿದರೆ ಅದನ್ನೂ ತಿಳಿಸಬೇಕು.

"ಜಾಸ್ತಿಯಾದರೆ ಹೊಳೆಗೆ ಬಿಟ್ಟರಾಯಿತು" ಎನ್ನುವವರಿದ್ದಾರೆ. ಬೆಕ್ಕನ್ನು ಕೂಡಿಹಾಕಿ, ತಾನೂ ಊಟ ಕೊಡದೆ, ಹೊರಗೆ ಹೋಗಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸಿಗೆ ಶಿಕ್ಷೆಯಾಯಿತೆಂದು ಪ್ರವಾದಿ(ಸ) ಹೇಳಿದ್ದನ್ನು ನಮ್ಮಲ್ಲಿ ಅನೇಕರು ಚಿಕ್ಕಂದಿನಲ್ಲೇ ಕೇಳಿದ್ದೇವೆ. ಹಾಗಾದರೆ ಬಿಟ್ಟುಬಿಡುವುದೇ ದಯೆಯಲ್ಲವೇ? ಅಲ್ಲ. ಬೆಕ್ಕು ಹೊರಗೆ ಹೋದರೆ ತನ್ನ ಪಾಡಿಗೆ ಬದುಕುತ್ತದೆ. ಆಕ್ಸೊಲಾಟಲ್ ನಮ್ಮ ಕಾಲುವೆಯ ಬೆಚ್ಚನೆ ನೀರಿನಲ್ಲಿ ಬದುಕಲಾರದು. ಬದುಕಬಲ್ಲ ಗಪ್ಪಿಯಂತಹ ಮೀನನ್ನು ಬಿಟ್ಟರೆ ಅದು ಅಲ್ಲಿನ ಮೀನುಗಳ ಪಾಲನ್ನು ತಿನ್ನುತ್ತದೆ. ಬಿಟ್ಟದ್ದು ಸಾಯುತ್ತದೆ, ಇಲ್ಲವೇ ಬೇರೆಯದನ್ನು ಸಾಯಿಸುತ್ತದೆ. ನಮ್ಮ ಕಡೆಯ ಕಾಲುವೆಯ ನೀರು ಕಪಿಲೆಗೆ ಸೇರಿ, ಟಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ತೊಟ್ಟಿ ನಮ್ಮದಾದರೂ ಹೊಳೆ ಎಲ್ಲರದು.

ಸಂತೆಯಲ್ಲಿ ಸಿಗುವ ಜಿಲೇಬಿ ಮೀನನ್ನೇ ನೋಡಿ. ಅದರ ಹೆಸರು ತಿಲಾಪಿಯಾ, ಊರು ಆಫ್ರಿಕಾ. 1952ರಲ್ಲಿ ಭಾರತಕ್ಕೆ ತಂದರು. ಮೊಟ್ಟೆಯನ್ನು ಬಾಯಲ್ಲಿಟ್ಟು ಕಾಯುವ ಈ ಮೀನು ವರ್ಷಕ್ಕೆ ಹಲವು ಸಲ ಮರಿ ಮಾಡಿ ಕೆರೆ ಹೊಳೆಗಳನ್ನೆಲ್ಲ ತುಂಬಿತು. ಆಕ್ಸೊಲಾಟಲ್‌ನ ಒಂದೇ ಮನೆಯಾದ ಮೆಕ್ಸಿಕೊ ನಗರದ ಸೊಚಿಮಿಲ್ಕೊ ಕಾಲುವೆಗಳಲ್ಲಿ ಅದರ ಮೊಟ್ಟೆ ಮರಿಗಳನ್ನು ತಿಂದದ್ದೂ ಹೊರಗಿನಿಂದ ತಂದು ಬಿಟ್ಟ ತಿಲಾಪಿಯಾ ಮತ್ತು ಕಾರ್ಪ್ ಮೀನುಗಳೇ. ಕೊಳಕು ನೀರೂ ಅದಕ್ಕೆ ಸೇರಿತು. ಅಲ್ಲಿ 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದವು, 2014ರ ಎಣಿಕೆಯಲ್ಲಿ ಸುಮಾರು 36. ನಮ್ಮ ಕಾವೇರಿಯ ಬಿಳಿಮೀನು, ಅಂದರೆ ಗೂನುಬೆನ್ನಿನ ಮಹಸೀರ್ ಕೂಡ ಇಂದು ಅಳಿವಿನ ಅಂಚಿನಲ್ಲಿದೆ. 1970ರ ದಶಕದಿಂದ ಒಳ್ಳೆಯ ಉದ್ದೇಶದಿಂದಲೇ ಹೊಳೆಗೆ ಬಿಟ್ಟ ಬೇರೆ ಜಾತಿಯ ಮಹಸೀರ್ ಅದರ ಜಾಗ ಹಿಡಿದದ್ದೂ ಒಂದು ಕಾರಣ.

"ಕಾಡಿನಲ್ಲಿ ಕಡಿಮೆಯಾಗಿದೆ, ಮನೆಯಲ್ಲಿ ಮರಿ ಮಾಡಿಸಿದರೆ ಒಳ್ಳೆಯದಲ್ಲವೇ" ಎಂದು ಕೇಳಬಹುದು. ಸಾಕಿದ ಆಕ್ಸೊಲಾಟಲ್‌ಗಳಲ್ಲಿ ಹೆಚ್ಚಿನವು 1860ರ ದಶಕದಲ್ಲಿ ಪ್ಯಾರಿಸ್‌ಗೆ ಹೋದ 34 ಪ್ರಾಣಿಗಳ ಸಂತತಿ. ಒಂದೇ ತೊಟ್ಟಿಯಲ್ಲಿ ಅಣ್ಣ ತಂಗಿ ಕೂಡಿ ಹುಟ್ಟಿದ ಮರಿಗಳಿಂದ ಸೊಚಿಮಿಲ್ಕೊಗೆ ಏನೂ ಸಿಗುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಒಂದನ್ನೇ ಸಾಕಬಹುದು. ಆಕ್ಸೊಲಾಟಲ್ ಒಂಟಿ ಜೀವಿ, ಅದಕ್ಕೆ ಜೊತೆ ಬೇಕಿಲ್ಲ. ಮರಿಯಾಗಿದ್ದಾಗ ಗಂಡೋ ಹೆಣ್ಣೋ ತಿಳಿಯುವುದಿಲ್ಲವಾದ್ದರಿಂದ ಎರಡು ತಂದರೆ ಜೂಜಾಡಿದಂತೆ. ಮೊಟ್ಟೆ ಇಟ್ಟೇಬಿಟ್ಟರೆ, ಒಳಗೆ ಮರಿಯ ರೂಪ ಮೂಡುವ ಮೊದಲೇ, ಒಂದೆರಡು ದಿನದಲ್ಲಿ ತೆಗೆದು ಫ್ರೀಜರ್‌ನಲ್ಲಿಡಬೇಕು. "ಅಲ್ಲಾಹನು ಕೊಟ್ಟ ಜೀವ, ಹಾಗೆ ಮಾಡಬಹುದೇ" ಎಂದು ಕೆಲವರು ಬೇಸರಪಡುತ್ತಾರೆ. ಆ ಬೇಸರವನ್ನು ನಾನು ಗೌರವಿಸುತ್ತೇನೆ. ಆದರೆ ಐನೂರು ಮರಿಗಳು ಹಸಿದು, ಒಂದನ್ನೊಂದು ಕಚ್ಚಿಕೊಂಡು ಸಾಯಲು ಬಿಡುವುದು ಅದಕ್ಕಿಂತ ದೊಡ್ಡ ತಪ್ಪು. ಆ ಸಂಕಟವೇ ಬೇಡವೆಂದರೆ ಗಂಡು ಹೆಣ್ಣನ್ನು ಮೊದಲೇ ಬೇರೆ ಇಡಿ.

ಮನೆಗೆ ತಂದ ಪ್ರಾಣಿ ನಮ್ಮ ಆಸ್ತಿಯಲ್ಲ, ಅಮಾನತ್. ಅದರ ಮರಿಗಳೂ ಅಮಾನತ್ತೇ. ಗಪ್ಪಿಯಾಗಲಿ, ಮೊಲವಾಗಲಿ, ಬೆಕ್ಕಾಗಲಿ, ಎಷ್ಟು ಮರಿಗಳಿಗೆ ನಾವು ಹೊಣೆಯಾಗಬಲ್ಲೆವೋ ಅಷ್ಟಕ್ಕೇ ಅವಕಾಶ ಕೊಡೋಣ.