ಎರಡನೆಯ ತಂಡವೆಂದರೆ ಎರಡನೆಯ ದರ್ಜೆಯೇ?

ಬೆಂಗಳೂರು ಫುಟ್‌ಬಾಲ್ ಕ್ಲಬ್ಬು ಮುಂಬಯಿಗೆ ಆಡಲು ಬಂದಾಗ ಅಂಧೇರಿಯ ಮೈದಾನದಲ್ಲಿ ನೀಲಿ ಅಂಗಿ ತೊಟ್ಟು ಗಂಟಲು ಹರಿದುಕೊಳ್ಳುವವರಲ್ಲಿ ನಾವೂ ಸೇರಿದ್ದೇವೆ. ಮರುದಿನ ಮಾತು ಹೊರಡದೆ ಕಛೇರಿಯಲ್ಲಿ ಸಾಹೇಬರ ಮುಂದೆ ಕೈಸನ್ನೆ ಮಾಡಿದ್ದೂ ಉಂಟು. ಆದರೆ ಅದೇ ಕ್ಲಬ್ಬಿನ ಮೀಸಲು ತಂಡದ ಹೆಸರೆತ್ತಿ ನೋಡಿ, "ಓ, ಹುಡುಗರ ಆಟವೇ?" ಎಂದು ನಮ್ಮವರು ಮೂಗು ಮುರಿಯುತ್ತಾರೆ. ನಮ್ಮ ತಕರಾರು ಇರುವುದು ಈ ಮೂಗಿನ ಮೇಲೆಯೇ.

ತರುಣರಿಗೆಂದು 2022ರಲ್ಲಿ ಗೋವೆಯಲ್ಲಿ ಆರಂಭವಾದ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗನ್ನು ಗೆದ್ದವರು ಈ ಹುಡುಗರು. 2023ರಲ್ಲಿ ಮತ್ತೆ ಗೆದ್ದವರೂ ಇವರೇ. ಇಂಡಿಯನ್ ಸೂಪರ್ ಲೀಗಿನ ಉದಯೋನ್ಮುಖ ಆಟಗಾರ ಪ್ರಶಸ್ತಿ 2021-22ರಲ್ಲಿ ರೋಶನ್ ಸಿಂಗ್‌ಗೆ, ಮರುವರ್ಷ ಶಿವಶಕ್ತಿಗೆ ಬಂತು. ಇಬ್ಬರೂ ಈ ಕಿರಿಯರ ಸಾಲಿನಲ್ಲಿ ಆಡಿ ಮೇಲೆ ಬಂದವರು. ಮೂಗು ಮುರಿದವರೇ ಆಗ ಶಿಳ್ಳೆ ಹೊಡೆದರು!

"ಒಬ್ಬ ಮಣಿಪುರದವನು, ಇನ್ನೊಬ್ಬ ತಮಿಳುನಾಡಿನವನು. ಬೆಂಗಳೂರಿನ ತಂಡದಲ್ಲಿ ನಮ್ಮ ಹುಡುಗರೆಲ್ಲಿ ಸ್ವಾಮಿ?" ಎಂದು ಸಂಘದ ಹಿರಿಯರೊಬ್ಬರು ನಮ್ಮನ್ನು ಕೇಳಿದರು. ನಮ್ಮವರು ಇಲ್ಲವೇ ಇಲ್ಲವೆಂದಲ್ಲ. ಆದರೆ ಅವರ ಮಕ್ಕಳು ಮನೆ ಬಿಟ್ಟು ಸಾವಿರಾರು ಮೈಲಿ ಬರುತ್ತಿದ್ದಾಗ ನಮ್ಮ ಮಕ್ಕಳು ಟ್ಯೂಷನ್ ಕ್ಲಾಸಿನಲ್ಲಿದ್ದರು. ಚೆಂಡನ್ನು ಅಟ್ಟಕ್ಕೆ ಹಾಕಿದವರು ನಾವೇ, ಬಿ.ಎಸ್ಸಿ. ಓದಿ ಫೈಲು ಹೊರುತ್ತಿರುವ ಮಹಾನುಭಾವರು. 1937ರಲ್ಲಿ ಇದೇ ಮುಂಬಯಿಗೆ ಬಂದು ರೋವರ್ಸ್ ಕಪ್ಪನ್ನು ಗೆದ್ದುಕೊಂಡು ಹೋದ ಬೆಂಗಳೂರು ಮುಸ್ಲಿಮ್ಸ್ ತಂಡದ ಊರು ನಮ್ಮದು ಎಂದು ಭಾಷಣ ಮಾಡುವುದಕ್ಕೆ ಮಾತ್ರ ನಮಗೆ ಬಾಯಿ ಇದೆ.

ಕ್ಲಬ್ಬಿನವರ ಮೇಲೂ ನಮ್ಮ ಜಗಳವಿದೆ, ಆದರೆ ಮೊದಲು ಒಳ್ಳೆಯ ಮಾತು. 2025ರ ಆಗಸ್ಟಿನಲ್ಲಿ ಲೀಗಿನ ಭವಿಷ್ಯವೇ ಡೋಲಾಯಮಾನವಾದಾಗ ಬೆಂಗಳೂರಿನವರು ಮುಖ್ಯ ತಂಡದ ಸಂಬಳ ತಡೆಹಿಡಿದರು. ಕಿರಿಯರ ತಂಡಗಳಿಗೂ ಶಾಲೆಗಳಿಗೂ ತೊಂದರೆಯಿಲ್ಲವೆಂದರು. "ಇದೇನು ವಿಪರೀತ, ದೊಡ್ಡವರಿಗಿಲ್ಲದ್ದು ಚಿಕ್ಕವರಿಗೆ?" ಎಂದವರುಂಟು. ದೊಡ್ಡವರ ಸಂಬಳ ನಿಂತದ್ದು ಅನ್ಯಾಯವೇ, ಅದನ್ನು ನಾವು ಒಪ್ಪುವವರಲ್ಲ. ಆದರೆ ಬರಗಾಲದಲ್ಲಿ ಬಿತ್ತನೆಯ ಕಾಳನ್ನು ಬೀಸಿ ತಿನ್ನಲಿಲ್ಲ ಎಂಬುದಕ್ಕೆ ಯಾರನ್ನು ಬೈಯೋಣ?

ಇನ್ನು ಜಗಳ. ಮೀಸಲು ತಂಡವೆಂಬುದು ನಮ್ಮ ಕಛೇರಿಯ ಪ್ರಮೋಶನ್ ಪ್ಯಾನೆಲ್ಲಿನಂತೆ. ಪ್ಯಾನೆಲ್ಲಿನಲ್ಲಿ ಹೆಸರಿದ್ದೂ, ಖಾಲಿಯಾದ ಜಾಗಕ್ಕೆಲ್ಲ ಹೊರಗಿನವರನ್ನು ಡೆಪ್ಯುಟೇಶನ್ನಿನ ಮೇಲೆ ತಂದರೆ ಆ ಗುಮಾಸ್ತನ ಹೊಟ್ಟೆಯುರಿ ಎಂಥದೆಂದು ನಮಗೆ ಗೊತ್ತು, ಅನುಭವಿಸಿದ್ದೇವೆ. 2012ರ ನವೆಂಬರ್ 25ರಂದು ಲೆವಾಂತೆ ತಂಡದ ಎದುರು ಬಾರ್ಸಿಲೋನಾದ ಹನ್ನೊಂದು ಮಂದಿಯೂ ಒಂದು ಹಂತದಲ್ಲಿ ಅದರ ಸ್ವಂತ ಲಾ ಮಾಸಿಯಾ ಶಾಲೆಯ ಹುಡುಗರೇ ಆಗಿದ್ದರು. ಹನ್ನೊಂದು ಬೇಡ, ನಮ್ಮ ದೇಶದ ಕ್ಲಬ್ಬುಗಳು ಪ್ರತಿ ವರ್ಷ ಇಬ್ಬರನ್ನು ಮೇಲಕ್ಕೆ ತಂದು, ಬೆಂಚು ಕಾಯಿಸದೆ ಆಡಿಸಲಿ. ಕೆಲವೇ ತಿಂಗಳ ಲೀಗು ಆಡಿ ಉಳಿದ ಕಾಲವೆಲ್ಲ ಅಭ್ಯಾಸ ಮಾಡುತ್ತಿದ್ದರೆ ಇಪ್ಪತ್ತು ದಾಟುವ ಹೊತ್ತಿಗೆ ಆ ಹುಡುಗನಿಗೆ ಡಿಗ್ರಿಯೂ ಇಲ್ಲ, ಕರಾರೂ ಇಲ್ಲ. ಅವನ ತಂದೆಗೆ ಏನು ಹೇಳೋಣ?

ನಮ್ಮ ಸಂಘದ ಕಾರ್ಯದರ್ಶಿಗಳಲ್ಲಿ ಒಂದು ಅರಿಕೆ. ಈ ಹುಡುಗರು ಮುಂಬಯಿಯ ಕಡೆ ಆಡಲು ಬಂದಾಗ ಸಂಘದಿಂದ ಒಂದು ಬಸ್ಸು ಹೊರಡಿಸಿ. ಐವತ್ತು ಜನರನ್ನು ಕೂಡಿಸುವ ಹೊಣೆ ನಮ್ಮದು, ಕಾಫಿಯ ಖರ್ಚೂ ನಮ್ಮದೇ. ಮೂಗು ಮುರಿಯುವವರಿಗೂ ಸೀಟು ಇಟ್ಟಿರುತ್ತೇವೆ.